ಪೆನ್ಸಿಲ್‌ಗಿಂತ ಮೊದಲು ಚಪ್ಪಾಳೆ

ಜೂನ್ ಬಂತೆಂದರೆ ಕಾರವಾರದ ಅಪ್ಪ-ಅಮ್ಮಂದಿರ ಪ್ರಶ್ನೆ ಒಂದೇ: "ಟೀಚರ್, ಇನ್ನೂ ಅ ಆ ಇ ಈ ಬರೆಸಲಿಕ್ಕೆ ಶುರು ಮಾಡಲಿಲ್ವಾ?" ಮಗುವಿಗೆ ಮೂರೂವರೆ ವರ್ಷ. ಪಕ್ಕದ ಮನೆಯ ಹುಡುಗ ಪುಟಗಟ್ಟಲೆ ಬರೆಯುತ್ತಾನಂತೆ. ಬರೆಯಬಹುದು. ಆದರೆ ಆ ವಯಸ್ಸಿನಲ್ಲಿ ಅದು ಸಾಮಾನ್ಯವಾಗಿ ನೋಡಿ ಬಿಡಿಸಿದ ಚಿತ್ರ, ಓದು ಅಲ್ಲ.

ಓದಿನ ತಯಾರಿ ಶುರುವಾಗುವುದು ಕಿವಿಯಲ್ಲಿ. ಆಡುವ ಮಾತನ್ನು ತುಂಡು ಮಾಡಬಹುದು ಎಂಬುದು ಮಗುವಿಗೆ ಮೊದಲು ಗೊತ್ತಾಗಬೇಕು. ಇದರಲ್ಲಿ ಕನ್ನಡ ಕಲಿಯುವ ಮಕ್ಕಳು ಪುಣ್ಯವಂತರು. 'ಬಂಗಡೆ' ಮೀನಿನ ಹೆಸರು ಹೇಳಿ: ಬಂ-ಗ-ಡೆ, ಮೂರು ಚಪ್ಪಾಳೆ. ಬರೆದರೂ ಮೂರೇ ತುಂಡು. ಇಂಗ್ಲಿಷಿನ 'ಫಿಶ್' ಬಾಯಲ್ಲಿ ಒಂದೇ ಸಲ ಬರುತ್ತದೆ, ಕಾಗದದ ಮೇಲೆ ನಾಲ್ಕು ಅಕ್ಷರ! ನಮ್ಮಲ್ಲಿ ತೊಡಕು ಬೇರೆ ಕಡೆ ಇದೆ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ರೂಪಗಳು 400 ದಾಟುತ್ತವೆ, ಒತ್ತಕ್ಷರ ಬೇರೆ. ಪೂರ್ತಿ ಕಲಿಯಲು ಶಾಲೆಯ ಕೆಲವು ವರ್ಷಗಳೇ ಬೇಕು. ಅದನ್ನು ಎಲ್‌ಕೆಜಿಯಲ್ಲೇ ಮುಗಿಸುವ ಅವಸರ ಯಾಕೆ?

ಬದಲಿಗೆ ಬಸ್ ನಿಲ್ದಾಣದಲ್ಲಿ ಆಟ ಆಡಿ. ಬೋರ್ಡ್ ತೋರಿಸಿ 'ಕಾ-ರ-ವಾ-ರ' ಎಂದು ನಿಧಾನ ಹೇಳಿ. ಎಷ್ಟು ಚಪ್ಪಾಳೆ? ಯಾವ ಸದ್ದು ಎರಡು ಸಲ ಬಂತು? ಕೊನೆಯಲ್ಲಿ ಹಾಗೇ 'ರ' ಬರುವ ಊರು ಇನ್ಯಾವುದು? 'ಹೊನ್ನಾವರ' ಎಂದು ಮಗು ಕೂಗಿದರೆ ಅರ್ಧ ಕೆಲಸ ಆಯಿತು. ಕೆಲವು ದಿನ ಬಿಟ್ಟು ಬೋರ್ಡಿನಲ್ಲಿ ಆ 'ರ' ಎಲ್ಲಿದೆ ಎಂದು ಕೇಳಿ. ಬಸ್ ತಡವಾದಷ್ಟೂ ಪಾಠ ಜಾಸ್ತಿ.

ಅಕ್ಷರಕ್ಕೆ ಬಂದಾಗಲೂ ವರ್ಣಮಾಲೆಯ ಸಾಲನ್ನೇ ಹಿಡಿಯಬೇಕಿಲ್ಲ. ಅ ಆ ಇ ಈ ಕಲಿತ ಮಗುವಿಗೆ ಓದಲು ಸಿಗುವುದು ಹೆಚ್ಚೆಂದರೆ 'ಆ', 'ಈ'. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ, ಅಂದರೆ ಆಡುತ್ತಾ ಕಲಿಸುವ ಪದ್ಧತಿ, 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಯಿತು. ಅದರಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅಗಸ, ಅರಸ, ಗರಗಸ ಎಲ್ಲ ಆಗುತ್ತವೆ. ಕಲಿತ ಅಕ್ಷರ ಕೂಡಲೇ ಪದವಾದರೆ ಮಗುವಿಗೆ ಅದರ ರುಚಿ ಹತ್ತುತ್ತದೆ. ನಲಿ-ಕಲಿ ಒಂದನೇ ತರಗತಿಯಿಂದ ಇರುವುದು, ನಿಜ. ಕ್ರಮವನ್ನು ಮನೆಯಲ್ಲಿ ಎರವಲು ಪಡೆಯಲು ಅಡ್ಡಿಯಿಲ್ಲ.

ಇನ್ನೊಂದು ಆತಂಕ ಭಾಷೆಯದು. ಕಾರವಾರದಲ್ಲಿ ಬಹಳ ಮನೆಗಳಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿ ಕಡೆ ಹವ್ಯಕ ಕನ್ನಡ. "ಶಾಲೆ ಕನ್ನಡದ್ದು, ಮನೆಯಲ್ಲಿ ಕೊಂಕಣಿ ಬಿಟ್ಟುಬಿಡುವುದಾ?" ಎಂದು ಕೇಳುತ್ತಾರೆ. ದಯವಿಟ್ಟು ಬಿಡಬೇಡಿ. ಪದ ಒಡೆಯುವುದು, ಪ್ರಾಸ ಹಿಡಿಯುವುದು, "ಆಮೇಲೆ ಏನಾಯ್ತು" ಎಂದು ಊಹಿಸುವುದು ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೂ ನೆರವಾಗುತ್ತದೆ. ಅಜ್ಜಿಗೆ ಬರುವುದು ಕೊಂಕಣಿ ಕಥೆಯಾದರೆ ಅದನ್ನೇ ಹೇಳಲಿ. ತಪ್ಪುತಪ್ಪು ಕನ್ನಡದಲ್ಲಿ ಎರಡು ಮಾತಾಡಿ ಸುಮ್ನೆ ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಬರವಣಿಗೆ? ಬೆರಳಿಗೆ ಬಲ ಬರಲಿ. ಅಬ್ಬಲಿಗೆ ಹೂ ಜೋಡಿಸಲಿ, ಬಟಾಣಿ ಬಿಡಿಸಲಿ, ಬೀಚಿನ ಮರಳಲ್ಲಿ ಗೀಚಲಿ.

ಇಷ್ಟೆಲ್ಲ ಆಡಿಸಿದರೂ ನಾಲ್ಕೂವರೆ-ಐದು ವರ್ಷದ ಮಗುವಿಗೆ ಪ್ರಾಸ ಹಿಡಿಯಲಾಗದಿದ್ದರೆ, ಕರೆದಾಗ ಮತ್ತೆ ಮತ್ತೆ "ಆಂ?" ಎನ್ನುತ್ತಿದ್ದರೆ, ಟ್ಯೂಷನ್‌ಗೆ ಹಾಕಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಪದೇ ಪದೇ ಶೀತವಾಗುವ ಮಕ್ಕಳಲ್ಲಿ ಕಿವಿಯೊಳಗೆ ನೀರು ತುಂಬಿ ಕೇಳಿಸುವುದು ಮಂದವಾಗಬಹುದು. ಹೆಚ್ಚಾಗಿ ನೋವಿಲ್ಲದೆ ಇರುವುದರಿಂದ ಎಷ್ಟೋ ಸಲ ಮನೆಯವರಿಗೆ ತಿಳಿಯುವುದೇ ಇಲ್ಲ.