ವಾಲ್‌ಐಗೆ ಬೆಳಕು ನೋಡಿ, ಟ್ರೌಟ್‌ಗೆ ತಂಪು ನೋಡಿ

ಅಮೆರಿಕದ ಮಿನ್ನೆಸೋಟ, ಕೆನಡಾದ ಒಂಟಾರಿಯೊ ಕಡೆಯ ತಣ್ಣನೆಯ ಸರೋವರಗಳಲ್ಲಿ ಗಾಳ ಹಾಕುವವರು ತುಂಬಾ ಇಷ್ಟಪಡುವ ಎರಡು ಮೀನುಗಳೆಂದರೆ ವಾಲ್‌ಐ ಮತ್ತು ಲೇಕ್ ಟ್ರೌಟ್. ಎರಡೂ ಒಂದೇ ಸರೋವರದಲ್ಲಿ ಇರಬಹುದು. ಹಿಡಿಯುವ ರೀತಿ ಮಾತ್ರ ಬೇರೆ ಬೇರೆ.

ವಾಲ್‌ಐ ಕಣ್ಣಿನ ಹಿಂಭಾಗದಲ್ಲಿ, ಬೆಕ್ಕಿಗೆ ಇರುವ ಹಾಗೆ, ಬೆಳಕನ್ನು ಹಿಂದಕ್ಕೆ ಎಸೆಯುವ ಪದರವಿದೆ. ಮಬ್ಬುಗತ್ತಲಲ್ಲಿ ಸಣ್ಣ ಮೀನುಗಳು ತಡವರಿಸುವಾಗ ಇದಕ್ಕೆ ಚೆನ್ನಾಗಿ ಕಾಣುತ್ತದೆ, ಬೇಟೆಗೆ ಹೊರಡುವುದೂ ಆಗಲೇ. ಹಾಗಾಗಿ ಮುಂಜಾನೆ, ಮುಸ್ಸಂಜೆ, ಇಲ್ಲವೇ ಮೋಡ ಕವಿದು ಗಾಳಿಗೆ ಅಲೆ ಎದ್ದ ದಿನ ಒಳ್ಳೆಯದು. ಸೀಸದ ತಲೆಯ ಗಾಳಕ್ಕೆ, ಅದನ್ನು ಜಿಗ್ ಅನ್ನುತ್ತಾರೆ, ಜಿಗಣೆಯನ್ನೋ ಸಣ್ಣ ಮೀನನ್ನೋ ಸಿಕ್ಕಿಸಿ ತಳದ ಹತ್ತಿರ ಮೆಲ್ಲಗೆ ಎತ್ತಿ ಇಳಿಸಬೇಕು. ನೀರು ತಣ್ಣಗಿದ್ದಷ್ಟೂ ಮೀನಿನ ಮೈಯೂ ತಣ್ಣಗಿರುತ್ತದೆ, ಅದು ಓಡುವ ಎರೆಯನ್ನು ಅಟ್ಟಿಸಿಕೊಂಡು ಬರುವುದಿಲ್ಲ.

ಲೇಕ್ ಟ್ರೌಟ್‌ಗೆ ಬೇಕಾದ್ದು ಸುಮಾರು 10 ಡಿಗ್ರಿಯ, ಆಮ್ಲಜನಕ ಚೆನ್ನಾಗಿರುವ ನೀರು. ನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ, ಅದಕ್ಕಿಂತ ಬಿಸಿಯಾದಷ್ಟೂ ಹಗುರ. ವಸಂತದಲ್ಲಿ ಮಂಜುಗಡ್ಡೆ ಕರಗಿದ ಹೊಸದರಲ್ಲಿ ಮೇಲಿನಿಂದ ತಳದವರೆಗೂ ನೀರು ತಂಪು, ಆಗ ಟ್ರೌಟ್ ದಂಡೆಯ ಹತ್ತಿರವೇ ಸಿಗುತ್ತದೆ. ಬೇಸಿಗೆಯಲ್ಲಿ ಬಿಸಿಯಾದ ಹಗುರ ನೀರು ಮೇಲೆ ನಿಂತು, ತಂಪು ನೀರು ಕೆಳಗೆ ಉಳಿಯುತ್ತದೆ, ಟ್ರೌಟ್ ಅಲ್ಲಿಗೆ ಇಳಿಯುತ್ತದೆ. ಅಷ್ಟು ಆಳಕ್ಕೆ ಹೋಗಲು ಡೌನ್‌ರಿಗ್ಗರ್ ಬಳಸುತ್ತಾರೆ: ತಂತಿಗೆ ಕಟ್ಟಿದ ಭಾರದ ಗುಂಡು ಗಾಳದ ದಾರವನ್ನು ಬೇಕಾದ ಆಳಕ್ಕೆ ಒಯ್ಯುತ್ತದೆ, ದೋಣಿ ನಿಧಾನವಾಗಿ ಸಾಗುತ್ತದೆ, ಮೀನು ಕಚ್ಚಿದ ಕೂಡಲೇ ದಾರ ಕ್ಲಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ.

ಇನ್ನು ಮೀನನ್ನು ಮೇಲೆ ಎಳೆಯುವ ವಿಷಯ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ಹಿಡಿದು ಮತ್ತೆ ನೀರಿಗೆ ಬಿಡುವವರೇ ಜಾಸ್ತಿ ಅಲ್ವಾ? ಮೀನಿನ ಮೈಯೊಳಗೆ ತೇಲಲು ನೆರವಾಗುವ ಗಾಳಿಚೀಲ ಇರುತ್ತದೆ. ಟ್ರೌಟ್‌ನ ಗಾಳಿಚೀಲಕ್ಕೂ ಗಂಟಲಿಗೂ ನಡುವೆ ಕೊಳವೆ ಇದೆ, ಮೇಲೆ ಬರುವಾಗ ಅದು ಗಾಳಿಯನ್ನು ಬಾಯಿಂದ ಬಿಡಬಲ್ಲದು. ವಾಲ್‌ಐಗೆ ಆ ಕೊಳವೆ ಇಲ್ಲ. 10 ಮೀಟರ್ ಆಳದಿಂದ ಎಳೆದರೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಚೀಲದ ಗಾಳಿ ಹಿಗ್ಗಿ ಒಳಗಿನ ಅಂಗಗಳನ್ನು ಒತ್ತುತ್ತದೆ, ಕೆಲವೊಮ್ಮೆ ಹೊಟ್ಟೆಯೇ ಬಾಯಿಯ ಕಡೆಗೆ ಬಂದುಬಿಡುತ್ತದೆ. ಅಂಥ ಮೀನನ್ನು ಬಿಟ್ಟರೂ ಎಷ್ಟೋ ಸಲ ಬದುಕುವುದಿಲ್ಲ. ವಾಪಸ್ ಬಿಡುವ ಮನಸ್ಸಿದ್ದರೆ ಅಷ್ಟು ಆಳದಲ್ಲಿ ವಾಲ್‌ಐಗೆ ಗಾಳ ಹಾಕಲೇಬಾರದು. ಟ್ರೌಟ್‌ಗೆ ಬೇಸಿಗೆಯಲ್ಲಿ ಮೇಲಿನ ಬಿಸಿ ನೀರೇ ಅಪಾಯ, ಅದನ್ನು ದೋಣಿಗೆ ಎತ್ತದೆ ನೀರಲ್ಲೇ ಗಾಳ ಬಿಡಿಸಿ ಬೇಗ ಕಳಿಸಿಬಿಡಿ.