ಜನ ಬರ್ತಾರೆ, ಉಳಿಯಲ್ಲ: ಕೊಪ್ಪಳದ ಪ್ರವಾಸೋದ್ಯಮಕ್ಕೆ ದುಡ್ಡು ಎಲ್ಲಿಂದ, ಯಾತಕ್ಕೆ

ಊರಿಗೆ ಪ್ರಚಾರ ಬೇಕು ಸರ್, ಏನಾದ್ರೂ ಮಾಡಿ ಅಂತ ಜನ ಕೇಳ್ತಾರೆ. ಪಂಚಾಯಿತಿಗಳಿಗೆ, ಊರಿನ ಸಂಘಗಳಿಗೆ ಪ್ರವಾಸೋದ್ಯಮದ ಯೋಜನೆ ಬರೆದುಕೊಡೋದು, ಲೆಕ್ಕ ಕೂಡಿಸಿಕೊಡೋದು ನನ್ನ ಕೆಲಸ. ಹಾಗಾಗಿ ಈ ಮಾತು ನನಗೆ ಹೊಸದಲ್ಲ. ನಾನು ತಿರುಗಿ ಕೇಳೋದು ಒಂದೇ: ಜನ ಬರ್ತಿಲ್ವಾ?

ಬರ್ತಿದ್ದಾರೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ದಿನ ಹುಲಿಗಿಗೆ ಹೋಗಿ ನೋಡಿ, ಹುಲಿಗೆಮ್ಮನ ಗುಡಿ ಮುಂದೆ ಕಾಲಿಡೋಕೆ ಜಾಗ ಇರಲ್ಲ. ಅಂಜನಾದ್ರಿಯ 575 ಮೆಟ್ಟಿಲು ಹತ್ತೋಕೆ ಉತ್ತರ ಭಾರತದಿಂದಲೂ ಜನ ಬರ್ತಾರೆ, ಡಿಸೆಂಬರ್‌ನಲ್ಲಿ ಹನುಮಮಾಲೆ ಹಾಕಿದವರು ಬಂದರಂತೂ ಬೆಟ್ಟಕ್ಕೆ ಬೆಟ್ಟವೇ ಕೇಸರಿ. ಜನವರಿಯಲ್ಲಿ ಗವಿಮಠದ ಜಾತ್ರೆ. ತುಂಗಭದ್ರಾ ನದಿ ದಾಟಿದರೆ ಹಂಪಿ, 1986 ರಿಂದ ವಿಶ್ವ ಪರಂಪರೆ ತಾಣ. ಇಷ್ಟು ಜನ ನಮ್ಮ ಮನೆ ಬಾಗಿಲ ಮುಂದೆಯೇ ಓಡಾಡ್ತಾರೆ. ಆದರೆ ಕಾಯಿ ಒಡೆಸಿ, ಊಟ ಮಾಡಿ, ಸಂಜೆ ಹೊತ್ತಿಗೆ ಗಾಡಿ ಹತ್ತಿಬಿಡ್ತಾರೆ. ರಾತ್ರಿ ಉಳಿಯೋ ಹೆಚ್ಚಿನವರು ನದಿಯಾಚೆ, ಪಕ್ಕದ ಜಿಲ್ಲೆಯ ಹೊಸಪೇಟೆಯಲ್ಲಿ ಉಳೀತಾರೆ. ಹಾಗಾಗಿ ಕೊಪ್ಪಳ ಜಿಲ್ಲೆಯ ಯಾವ ಊರೇ ಪ್ರಚಾರಕ್ಕೆ ದುಡ್ಡು ಕೂಡಿಸಲಿ, ಆ ದುಡ್ಡಿನ ಗುರಿ ಒಂದೇ ಇರಲಿ ಅಂತೀನಿ: ಈಗಾಗಲೇ ಬಂದಿರೋ ಮನುಷ್ಯ ಇನ್ನೊಂದು ರಾತ್ರಿ ನಮ್ಮಲ್ಲಿ ಉಳೀಬೇಕು. ಹೊಸಬರನ್ನ ದೆಹಲಿಯಿಂದ ಕರೆಸೋಕೆ ಲಕ್ಷಗಟ್ಟಲೆ ಬೇಕು. ಹುಲಿಗಿಗೆ ಬಂದವರನ್ನ ಇಟಗಿಗೆ ಕರೆದೊಯ್ಯೋಕೆ ಒಂದು ಬೋರ್ಡು, ಒಂದು ಫೋನು, ಒಂದು ಆಟೊ ಸಾಕು.

ಇಟಗಿಯನ್ನೇ ನೋಡಿ. 1112 ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ. ಶಾಸನವೇ ಅದನ್ನ 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ಇಂಥ ಗುಡಿ ಬೇರೆ ಯಾವ ರಾಜ್ಯದಲ್ಲಾದರೂ ಇದ್ದಿದ್ದರೆ ಊರ ತುಂಬ ಹೋಟೆಲು ಎದ್ದಿರುತ್ತಿದ್ದವು. ಇಲ್ಲಿ ಏನಾಗುತ್ತೆ? ಮಧ್ಯಾಹ್ನ ಹನ್ನೆರಡಕ್ಕೆ ತೆಲಂಗಾಣ ನಂಬರಿನ ಕಾರು ಬಂದು ನಿಲ್ಲುತ್ತೆ. ಅಜ್ಜಿ, ಗಂಡ ಹೆಂಡತಿ, ಎರಡು ಮಕ್ಕಳು. ಇಳಿದ ಕೂಡಲೇ ಹೆಂಗಸರು ಕೇಳೋದು ಶೌಚಾಲಯ ಎಲ್ಲಿದೆ ಅಂತ. ಆಮೇಲೆ ನೀರು. ಆಮೇಲೆ ಊಟ. ಮೂರಕ್ಕೂ ಸರಿಯಾದ ಉತ್ತರ ಸಿಗಲಿಲ್ಲ ಅಂದರೆ ಆ ಮನೆಮಂದಿ ಗುಡಿಯೊಳಗೆ ಅರ್ಧ ಗಂಟೆ ಇದ್ದು, ಫೋಟೊ ಹೊಡೆದುಕೊಂಡು ಹೊರಟುಬಿಡುತ್ತೆ. ಆ ಹೊಳಪಿನ ಕಂಬಗಳ ಮುಂದೆ ನಿಂತು ಕಥೆ ಹೇಳೋರು ಒಬ್ಬರಿದ್ದಿದ್ದರೆ ಎರಡು ಗಂಟೆ ಇರುತ್ತಿದ್ದರು. ಕುಕನೂರಿನ ನವಲಿಂಗ ಗುಡಿ ಇಲ್ಲೇ ಹತ್ತಿರ ಐತ್ರೀ ಅಂತ ಯಾರಾದರೂ ಹೇಳಿದ್ದರೆ ಅಲ್ಲಿಗೂ ಹೋಗುತ್ತಿದ್ದರು. ಅಷ್ಟರಲ್ಲಿ ಸಂಜೆಯಾಗಿ, ಇಲ್ಲೇ ಉಳಿಯೋಣ ಅಂತಲೂ ಅನ್ನಿಸುತ್ತಿತ್ತು.

ಈಗ ದುಡ್ಡಿನ ಮಾತಿಗೆ ಬರೋಣ. ಅಮೆರಿಕದ ಎಷ್ಟೋ ಕೌಂಟಿಗಳಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕಗಳಲ್ಲಿ, ಹೋಟೆಲ್ ರೂಮಿನ ಬಾಡಿಗೆ ಮೇಲೆ ಸ್ಥಳೀಯವಾಗಿಯೇ ಒಂದಿಷ್ಟು ತೆರಿಗೆ ಹಾಕಿ, ಅದರಲ್ಲಿ ಪ್ರವಾಸಿ ಕಚೇರಿ ನಡೆಸ್ತಾರೆ. ಬಂದವನು ಕೊಟ್ಟ ದುಡ್ಡಲ್ಲೇ ಮುಂದೆ ಬರೋನನ್ನ ಕರೆಯೋದು. ಒಳ್ಳೆಯ ಪದ್ಧತಿ, ಆದರೆ ನಮಗೆ ಆ ದಾರಿ ಇಲ್ಲ. ರೂಮಿನ ಮೇಲಿದ್ದ ಐಷಾರಾಮಿ ತೆರಿಗೆ ರಾಜ್ಯದ್ದಾಗಿತ್ತು, ಅದೂ 2017 ರ ಜುಲೈ 1 ರಿಂದ ಜಿಎಸ್‌ಟಿಯೊಳಗೆ ಸೇರಿಹೋಯ್ತು. ಆನೆಗೊಂದಿಯ ಒಂದು ರೂಮಿಗೆ ಪ್ರವಾಸಿ ಕಟ್ಟಿದ ತೆರಿಗೆ ಆನೆಗೊಂದಿಗೆ ನೇರವಾಗಿ ವಾಪಸ್ ಬರಲ್ಲ. ಊರಿನ ಪ್ರಚಾರದ ದುಡ್ಡನ್ನ ಊರೇ ಹುಡುಕಬೇಕು.

ಹುಡುಕಿದರೆ ಸಿಗುತ್ತೆ. ಮೊದಲನೇದು ಗ್ರಾಮ ಪಂಚಾಯಿತಿ. 1993 ರ ಪಂಚಾಯತ್ ರಾಜ್ ಕಾಯ್ದೆಯ 199 ನೇ ಕಲಂ ಅನ್ನ ಒಮ್ಮೆ ಓದಿ ಅಂತ ನಾನು ಪ್ರತಿ ಅಧ್ಯಕ್ಷರಿಗೂ ಹೇಳ್ತೀನಿ. ಕಟ್ಟಡ ತೆರಿಗೆ ಎಲ್ಲರಿಗೂ ಗೊತ್ತು. ಜಾಹೀರಾತು ಫಲಕದ ಮೇಲೆ ತೆರಿಗೆ, ಬಸ್ ನಿಲ್ದಾಣ ಬಳಸಿದ್ದಕ್ಕೆ ಶುಲ್ಕ, ಮಾರುಕಟ್ಟೆ ಶುಲ್ಕ, ಜಾತ್ರೆಗೆ ಬಂದವರಿಂದ ಯಾತ್ರಿಕರ ಶುಲ್ಕ, ಇವಕ್ಕೂ ಅಲ್ಲಿ ಅವಕಾಶ ಇದೆ. ಯಾತ್ರಿಕರ ಶುಲ್ಕಕ್ಕೆ ಒಂದು ಷರತ್ತಿದೆ ನೋಡಿ: ಪಂಚಾಯಿತಿ ಅಲ್ಲಿ ನೀರು, ಆರೋಗ್ಯ, ನೈರ್ಮಲ್ಯದ ವ್ಯವಸ್ಥೆ ಮಾಡಿರಬೇಕು. ಸುಮ್ನೆ ಚೀಟಿ ಹರಿದುಕೊಡೋಕೆ ಬರಲ್ಲ. ಈ ಷರತ್ತು ನನಗೆ ತುಂಬ ಇಷ್ಟ. ಮೊದಲು ಶೌಚಾಲಯ ಮಾಡು, ಆಮೇಲೆ ಶುಲ್ಕ ಕೇಳು ಅನ್ನೋದು ನ್ಯಾಯವೇ ಅಲ್ವಾ?

ಶೌಚಾಲಯ, ನೀರಿಗೆ ದುಡ್ಡಿಲ್ಲ ಅನ್ನೋ ಮಾತು ಅಷ್ಟು ನಿಜ ಅಲ್ಲ. 15 ನೇ ಹಣಕಾಸು ಆಯೋಗ 2021 ರಿಂದ 2026 ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60 ರಷ್ಟನ್ನ ನೈರ್ಮಲ್ಯ ಮತ್ತು ಕುಡಿಯೋ ನೀರಿಗೇ ಕಟ್ಟಿಟ್ಟಿತ್ತು. ಪ್ರವಾಸಿ ಸ್ಥಳದ ಶೌಚಾಲಯವೂ ಊರಿನ ಶೌಚಾಲಯವೇ. ಕ್ರಿಯಾಯೋಜನೆಯಲ್ಲಿ ಬರೆಸಬೇಕು, ಗ್ರಾಮಸಭೆಯಲ್ಲಿ ಠರಾವು ಮಾಡಿಸಬೇಕು, ಅಷ್ಟೇ. ದೊಡ್ಡ ಕಾಮಗಾರಿ ಇದ್ದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371(ಜೆ) ಕಲಂ ಬಂದ ಮೇಲೆ ಸಿಕ್ಕ ಭಾಗ್ಯ ಅದು. ರಸ್ತೆಗೆ, ಕಟ್ಟಡಕ್ಕೆ ಆ ಕಡೆ ಶಾಸಕರ ಮೂಲಕ ಹೋಗಿ.

ಇಲ್ಲೇ ಹೆಚ್ಚಿನ ಊರುಗಳು ಎಡವುತ್ತವೆ. ಸರ್ಕಾರದ ದುಡ್ಡು ಸಾಮಾನ್ಯವಾಗಿ ಕಲ್ಲು, ಸಿಮೆಂಟಿಗೆ ಬರುತ್ತೆ, ಇಲ್ಲವೇ ಉತ್ಸವಕ್ಕೆ ಬರುತ್ತೆ. ವರ್ಷವಿಡೀ ಫೋನ್ ಎತ್ತೋ ಮನುಷ್ಯನ ಪಗಾರಕ್ಕೆ ಬರಲ್ಲ. ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ ಬೇಡ ಅಂತ ನಾನು ಹೇಳಲ್ಲ, ನಮ್ಮ ಕಲಾವಿದರಿಗೆ ವೇದಿಕೆ ಸಿಗೋದು ಅಲ್ಲೇ. ಆದರೆ ಉತ್ಸವ ಮುಗಿದು ಪೆಂಡಾಲ್ ಬಿಚ್ಚಿದ ಮುಂದಿನ ವಾರ ಪುಣೆಯಿಂದ ಒಬ್ಬರು ಫೋನ್ ಮಾಡಿ, 'ಕನಕಗಿರಿಯಲ್ಲಿ ಉಳಿಯೋಕೆ ಜಾಗ ಇದೆಯಾ, ಗಂಗಾವತಿಯಿಂದ ಬಸ್ ಎಷ್ಟು ಹೊತ್ತಿಗೆ' ಅಂತ ಕೇಳಿದರೆ ಉತ್ತರ ಕೊಡೋರು ಯಾರು? 'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಅನ್ನೋ ಗಾದೆಗಿಂತ ಒಳ್ಳೆಯ ಜಾಹೀರಾತನ್ನ ಯಾವ ಕಂಪನಿಯೂ ಬರೆದುಕೊಡಲ್ಲ. ಗಾದೆ ಕೇಳಿ ಬರೋಕೆ ಹೊರಟವನಿಗೆ ದಾರಿ ಹೇಳೋ ಒಂದು ನಂಬರ್ ಬೇಕು.

ಆ ನಂಬರಿಗೆ ಬೇಕಾದ್ದು ಸಣ್ಣ ದುಡ್ಡು, ಆದರೆ ತಿಂಗಳು ತಪ್ಪದೆ ಬರಬೇಕಾದ ದುಡ್ಡು. ಅದು ಬರಬೇಕಾದ್ದು ಲಾಭ ಆಗೋರಿಂದಲೇ. ಒಂದು ಲೆಕ್ಕ ಹಾಕಿ ತೋರಿಸ್ತೀನಿ, ನಿಮ್ಮ ಊರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಆನೆಗೊಂದಿ, ಸಾಣಾಪುರದಂಥ ಕಡೆ ಪರವಾನಗಿ ಇರೋ 12 ಹೋಂಸ್ಟೇ ತಿಂಗಳಿಗೆ 500 ರೂಪಾಯಿ ಕೊಟ್ಟರೆ 6,000. 8 ಖಾನಾವಳಿ, ಹೋಟೆಲಿನವರು 300 ಕೊಟ್ಟರೆ 2,400. 15 ಆಟೊದವರು ನೂರು ನೂರು ಕೊಟ್ಟರೆ 1,500. 10 ಗೈಡುಗಳು ನೂರು ಕೊಟ್ಟರೆ 1,000. ಒಟ್ಟು 10,900. ಡಿಗ್ರಿ ಮುಗಿಸಿ ಮನೆಯಲ್ಲಿರೋ, ಕನ್ನಡ, ತೆಲುಗು, ಹಿಂದಿ ಮೂರೂ ಬರೋ ಹುಡುಗಿಗೆ ಅರ್ಧ ದಿನದ ಕೆಲಸಕ್ಕೆ ಅದರಲ್ಲಿ 8,000 ಕೊಡಬಹುದು. ಗಂಗಾವತಿ ಸುತ್ತ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು ಮಾತಾಡೋ ಮನೆಗಳು ಬೇಕಾದಷ್ಟಿವೆ, ಇಂಥ ಹುಡುಗಿಯರು ಸಿಗ್ತಾರೆ. ಉಳಿದದ್ದು ಫೋನು, ಕರೆಂಟು, ಬೋರ್ಡಿನ ಬಣ್ಣಕ್ಕೆ. ಕೂರೋಕೆ ಜಾಗ ಪಂಚಾಯಿತಿ ಕೊಡಲಿ, ಎಷ್ಟೋ ಪಂಚಾಯಿತಿಗಳಲ್ಲಿ ಖಾಲಿ ಕೋಣೆ ಇವೆ.

ಆಕೆಯ ಕೆಲಸ ಏನು? ಫೋನ್ ಎತ್ತೋದು. ಗೂಗಲ್ ಮ್ಯಾಪಿನಲ್ಲಿ ಊರಿನ ಪ್ರತಿ ಅಂಗಡಿ, ಗುಡಿ, ಹೋಂಸ್ಟೇಯ ಸಮಯ, ಫೋಟೊ, ನಂಬರ್ ಸರಿ ಇದೆಯಾ ಅಂತ ವಾರಕ್ಕೊಮ್ಮೆ ನೋಡೋದು. ಬಂದವರನ್ನ ಮಾತಾಡಿಸಿ, ಎಲ್ಲಿಂದ ಬಂದ್ರಿ, ಹೇಗೆ ಗೊತ್ತಾಯ್ತು, ಇನ್ನೇನು ಬೇಕಿತ್ತು ಅಂತ ಒಂದು ಪುಸ್ತಕದಲ್ಲಿ ಬರೆಯೋದು. ತಿಂಗಳ ಕೊನೆಗೆ ಯಾವ ಮನೆಯಲ್ಲಿ ಎಷ್ಟು ರಾತ್ರಿ ಅತಿಥಿಗಳು ಉಳಿದರು ಅಂತ ಕೂಡಿಸೋದು. ಆ ಅಂಕಿ ಏರಿದರೆ ದುಡ್ಡು ದುಡೀತಿದೆ ಅಂತ ಅರ್ಥ. ರೀಲ್ಸಿಗೆ ಎಷ್ಟು ಲೈಕ್ ಬಿತ್ತು ಅನ್ನೋದು ನನಗೆ ಲೆಕ್ಕಕ್ಕಿಲ್ಲ.

ಹುಷಾರಾಗಿರಬೇಕಾದ್ದು ಒಂದಿದೆ, ಸಂಘಗಳು ಒಡೆಯೋದು ಅಲ್ಲೇ. ಫೋನಿಗೆ ಬಂದ ಅತಿಥಿಯನ್ನ ಯಾರ ಮನೆಗೆ ಕಳಿಸೋದು? ಆಕೆ ತನ್ನ ಮಾವನ ಹೋಂಸ್ಟೇಗೆ ಎರಡು ಸಲ ಕಳಿಸಿದಳು ಅಂತ ಸುದ್ದಿಯಾದರೆ ಸಾಕು, ಮುಂದಿನ ತಿಂಗಳಿಂದ ಯಾರೂ ವಂತಿಗೆ ಕೊಡಲ್ಲ. ಅದಕ್ಕೆ ಪಾಳಿ ಹಾಕಿ. ಪಾಳಿಯ ಪಟ್ಟಿ ಗೋಡೆ ಮೇಲೆ ಎಲ್ಲರಿಗೂ ಕಾಣೋ ಹಾಗಿರಲಿ. ಅತಿಥಿ ಹೆಸರು ಹೇಳಿ ಕೇಳಿದ ಮನೆಗೆ ಕಳಿಸಿದರೆ ಅದನ್ನ ಪಾಳಿಯಲ್ಲಿ ಎಣಿಸಬೇಡಿ. ವಂತಿಗೆಗೆ ರಸೀದಿ, ಬ್ಯಾಂಕ್ ಖಾತೆಗೆ ಜಂಟಿ ಸಹಿ, ಮೂರು ತಿಂಗಳಿಗೊಮ್ಮೆ ಎಲ್ಲರ ಎದುರು ಲೆಕ್ಕ ಓದೋದು. ನೋಂದಣಿಗೆ 1960 ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಸಾಕು, ಏಳು ಜನ ಇದ್ದರೆ ಆಯ್ತು. ಆ ಏಳರಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇರಲೇಬೇಕು ಅಂತ ನಾನು ಹಟ ಮಾಡ್ತೀನಿ. ವಾರದ ಉಳಿತಾಯ, ಸಾಲ, ಬಡ್ಡಿ ಬರೆದು ಬರೆದು ಅವರಿಗೆ ಲೆಕ್ಕ ಇಡೋದು ಚೆನ್ನಾಗಿ ಗೊತ್ತು. ಇಡೀ ಜಿಲ್ಲೆಗೆ ಒಂದೇ ಸಂಘ ಮಾತ್ರ ಮಾಡಬೇಡಿ. ಇಟಗಿಯವರಿಗೂ ಸಾಣಾಪುರದವರಿಗೂ ಬರೋ ಜನ ಬೇರೆ, ಕಷ್ಟ ಬೇರೆ. ನಾಲ್ಕೈದು ಊರು ಸೇರಿ ಒಂದು ಸಂಘ, ಅಷ್ಟು ಸಾಕು.

ಹೋಂಸ್ಟೇಗೆ ಪರವಾನಗಿ ಇರಲಿ ಅಂದೆನಲ್ಲ, ಅದನ್ನ ಲಘುವಾಗಿ ತಗೋಬೇಡಿ. ಹಂಪಿ ಎದುರಿನ ನಡುಗಡ್ಡೆ ವಿರುಪಾಪುರ ಗಡ್ಡೆಯಲ್ಲಿ ಏನಾಯ್ತು ಅಂತ ನಮಗೆಲ್ಲ ಗೊತ್ತು. ಜಗತ್ತಿನ ಮೂಲೆ ಮೂಲೆಯಿಂದ ಜನ ಬರುತ್ತಿದ್ದ ಜಾಗ ಅದು, ಅದಕ್ಕಿಂತ ದೊಡ್ಡ ಹೆಸರು ಬೇಕಿರಲಿಲ್ಲ. 2020 ರಲ್ಲಿ ಅಲ್ಲಿನ ಕಟ್ಟಡಗಳು ಅಕ್ರಮ ಅನ್ನೋದನ್ನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, ಆಮೇಲೆ ಎಲ್ಲ ಕೆಡವಿದರು. ಹಂಪಿ ವಿಶ್ವ ಪರಂಪರಾ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ ನದಿಯ ಈಚೆ, ನಮ್ಮ ಗಂಗಾವತಿ ತಾಲ್ಲೂಕಿನ ಹಳ್ಳಿಗಳಿಗೂ ಇದೆ. ಹೊಸ ಗೋಡೆ ಎಬ್ಬಿಸೋ ಮೊದಲು ಅಲ್ಲಿ ಕೇಳಿ. ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕದ ನೂರು ಮೀಟರ್ ಒಳಗೆ ಕಟ್ಟೋದು ನಿಷಿದ್ಧ, ಅದರಾಚೆ ಇನ್ನೂ ಇನ್ನೂರು ಮೀಟರ್‌ವರೆಗೆ ಅನುಮತಿ ಬೇಕು. ಬೋರ್ಡು ನಿಲ್ಲಿಸೋ ಮುಂಚೆಯೂ ಒಂದು ಅರ್ಜಿ ಕೊಟ್ಟುಬಿಡಿ.

ಇನ್ನು ಕಂಪನಿಗಳ ಸಿಎಸ್ಆರ್ ದುಡ್ಡು. ಗಿಣಿಗೇರಾ ಸುತ್ತ ಕಾರ್ಖಾನೆಗಳಿಗೆ ಕಡಿಮೆ ಇಲ್ಲ. 2013 ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2 ರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು, ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಅವರ ಹತ್ತಿರ 'ಪ್ರವಾಸೋದ್ಯಮ ಪ್ರಚಾರ' ಅಂತ ಬರೆದುಕೊಂಡು ಹೋದರೆ ಅರ್ಜಿ ಮೇಜಿನ ಮೇಲೆ ಕೂರುತ್ತೆ, ಕಾಯ್ದೆಯ ಪಟ್ಟಿಯಲ್ಲಿ ಅಂಥ ಬಾಬ್ತೇ ಇಲ್ಲ. ಆದರೆ ಐತಿಹಾಸಿಕ ಸ್ಥಳಗಳ ರಕ್ಷಣೆ ಇದೆ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲ ಇದೆ.

ಮರದ ಗೊಂಬೆಗೆ ಹೆಸರಾದ ಕಿನ್ನಾಳ ಊರು ನೆನಪಾಗೋದು ಇಲ್ಲೇ. ಚಿತ್ರಗಾರರ ಮನೆ ಪಡಸಾಲೆಯಲ್ಲಿ ಕೂತು ಒಂದು ಗೊಂಬೆ ಆಗೋದನ್ನ ನೋಡಿ. ಹಗುರವಾದ ಪೊಣಕಿ ಮರ ಕೆತ್ತಿ, ತುಂಡುಗಳನ್ನ ಹುಣಸೆ ಬೀಜದ ಅಂಟಿನಿಂದ ಜೋಡಿಸ್ತಾರೆ. ಗೋಣಿನಾರನ್ನ ನೆನೆಸಿ, ಒಣಗಿಸಿ, ಪುಡಿ ಮಾಡಿ ಅದೇ ಅಂಟಲ್ಲಿ ಕಲಸಿದ ಕಿಟ್ಟವನ್ನ ಸಂದಿ ಸಂದಿಗೆ ತುಂಬ್ತಾರೆ. ಆಮೇಲೆ ಬಟ್ಟೆ, ಕಲ್ಲುಪುಡಿಯ ಲೇಪ, ಬಣ್ಣ. ದೇವಿಯ ಕಣ್ಣು ಬರೆಯುವಾಗ ಮನೆಯಲ್ಲಿ ಮಕ್ಕಳೂ ಮಾತಾಡಲ್ಲ. ಇದನ್ನ ನೋಡೋಕೆ ಪ್ರವಾಸಿ ಖುಷಿಯಿಂದ ದುಡ್ಡು ಕೊಡ್ತಾನೆ, ತಾನೂ ಒಂದು ಸಣ್ಣ ಗೊಂಬೆಗೆ ಬಣ್ಣ ಹಚ್ಚಬಹುದು ಅಂದರೆ ಅರ್ಧ ದಿನ ಕೂರ್ತಾನೆ. ಜಿಐ, ಅಂದರೆ ಇದು ಈ ಊರಿನದೇ ಅನ್ನೋ ಭೌಗೋಳಿಕ ಗುರುತು ಸಿಕ್ಕಿರೋ ಕಲೆ ಇದು. ಒಂದು ಕಲಿಕೆ ಕೋಣೆ, ನಾಲ್ಕು ಹುಡುಗರಿಗೆ ಶಿಷ್ಯವೇತನ, ಒಂದು ಮಾರಾಟ ಮಳಿಗೆ ಅಂತ ಯೋಜನೆ ಬರೆದರೆ ಅದು ಕಾಯ್ದೆಯೊಳಗೆ ನೇರವಾಗಿ ಕೂರುತ್ತೆ.

ಹಿರೇಬೆಣಕಲ್ಲಿಗೂ ಹೀಗೇ. ಅಲ್ಲಿನ ಬೃಹತ್ ಶಿಲಾಯುಗದ, ಕಲ್ಲುಮನೆಯಂಥ ಸಮಾಧಿಗಳು 2021 ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಬೆಟ್ಟದ ಮೇಲೆ ನಡೆದೇ ಹೋಗಬೇಕು, ದಾರಿ ಗೊತ್ತಿಲ್ಲದವರು ಒಬ್ಬರೇ ಹೋಗೋ ಜಾಗ ಅಲ್ಲ. ಊರಿನ ಹುಡುಗರಿಗೆ ಗೈಡ್ ತರಬೇತಿ, ದಾರಿ ಗುರುತು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಇಷ್ಟಕ್ಕೆ ಕೇಳಿ. ಬೆಳಗ್ಗೆ ಆರಕ್ಕೇ ಹತ್ತಬೇಕು ಅಂದರೆ ಪ್ರವಾಸಿ ಹಿಂದಿನ ರಾತ್ರಿ ಅಲ್ಲೇ ಹತ್ತಿರ ಉಳೀಲೇಬೇಕು.

ಕೆಲಸ ಶುರು ಮಾಡೋಕೆ ಸರಿಯಾದ ಕಾಲ ಮಳೆಗಾಲ. ನವೆಂಬರಿನಿಂದ ಫೆಬ್ರುವರಿವರೆಗೆ ನಮ್ಮ ಸೀಸನ್, ಆಗ ಸಭೆ ಕರೆದರೆ ಯಾರಿಗೂ ಪುರುಸೊತ್ತಿರಲ್ಲ. ಜೂನ್‌ನಲ್ಲಿ ಸಂಘ ನೋಂದಣಿ, ಜುಲೈನಲ್ಲಿ ವಂತಿಗೆ ಶುರು, ಆಗಸ್ಟ್‌ನಲ್ಲಿ ಬೋರ್ಡು ಮತ್ತು ಗೂಗಲ್ ಮ್ಯಾಪ್, ದಸರಾ ಹೊತ್ತಿಗೆ ಫೋನ್ ನಂಬರ್ ಹುಲಿಗಿಯ ಬಸ್ ನಿಲ್ದಾಣದಲ್ಲೂ ಮುನಿರಾಬಾದ್ ರೈಲ್ವೆ ಸ್ಟೇಷನ್ನಿನಲ್ಲೂ ಹೊಸಪೇಟೆಯ ಲಾಡ್ಜುಗಳಲ್ಲೂ ಅಂಟಿರಬೇಕು, ಕನ್ನಡ, ತೆಲುಗು, ಹಿಂದಿಯಲ್ಲಿ. ಹಂಪಿ ಈಗ ವಿಜಯನಗರ ಜಿಲ್ಲೆ, ನಮ್ಮದು ಕೊಪ್ಪಳ ಅಂತ ಹೊಸಪೇಟೆಯವರ ಜೊತೆ ದೂರ ಇರಬೇಡಿ. ಪ್ರವಾಸಿಗೆ ಆ ಗಡಿ ಕಾಣಲ್ಲ. ಕಂಪನಿಗಳ ಅರ್ಜಿಯನ್ನ ಮಾತ್ರ ಫೆಬ್ರುವರಿಯಲ್ಲೇ ಕೊಡಿ, ಏಪ್ರಿಲ್‌ನಿಂದ ಅವರ ಹೊಸ ವರ್ಷ. ಜೊತೆಗೆ ಆ ಹುಡುಗಿ ಬರೆದಿಟ್ಟ ಪುಸ್ತಕದ ನಾಲ್ಕು ತಿಂಗಳ ಜೆರಾಕ್ಸ್ ಲಗತ್ತಿಸಿ.