ಚರ್ಮಗಂಟು ರೋಗ ಮತ್ತು ಹಾಲಿನ ಭಯ

2022ರಲ್ಲಿ ದನಗಳ ಚರ್ಮಗಂಟು ರೋಗ ರಾಜ್ಯದ ತುಂಬಾ ಹಬ್ಬಿದಾಗ ಹಾಲು ಕುಡಿಯಬಹುದಾ ಎಂಬ ಪ್ರಶ್ನೆ ಮನೆಮನೆಗೆ ಬಂತು. ಕೊಡಗಿಗೆ ಇದು ಸಣ್ಣ ಮಾತಲ್ಲ. ರಾಜ್ಯದ ಮೊದಲ ಡೇರಿ 1955ರಲ್ಲಿ ಶುರುವಾಗಿದ್ದು ನಮ್ಮ ಕೂಡಿಗೆಯಲ್ಲೇ.

ಈ ರೋಗ ಮೊದಲು ಕಂಡದ್ದು 1929ರಲ್ಲಿ, ಆಫ್ರಿಕಾದ ಜಾಂಬಿಯಾದಲ್ಲಿ. ಭಾರತದಲ್ಲಿ 2019ರಲ್ಲಿ, ಒಡಿಶಾದಲ್ಲಿ. ದನಕ್ಕೆ ಜ್ವರ ಬರುತ್ತದೆ, ಮೈತುಂಬಾ ಗಂಟು ಏಳುತ್ತದೆ, ಹಾಲು ಇಳಿಯುತ್ತದೆ. ಹರಡುವುದು ಮುಖ್ಯವಾಗಿ ಸೊಳ್ಳೆ, ನೊಣ, ಉಣ್ಣೆಗಳಿಂದ. ಮಳೆ, ತೇವ, ತೋಟದ ನೆರಳು ಇರುವ ಕೊಡಗಿನಲ್ಲಿ ಅವುಗಳಿಗೆ ಬರವೇ ಇಲ್ಲ, ಅಲ್ವಾ?

ಸರ್ಕಾರ ದನದ ಜಾತ್ರೆ, ಸಂತೆ, ಸಾಗಾಟಕ್ಕೆ ತಡೆ ಹಾಕಿತು. ಈ ರೋಗದ ವೈರಸ್ಸೂ ಮೇಕೆ ಸಿಡುಬಿನ ವೈರಸ್ಸೂ ಒಂದೇ ಕುಟುಂಬದ್ದಾದ್ದರಿಂದ ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕಿಸಿತು. ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತು. ಒಳ್ಳೆಯ ಹಾಲು ಕೊಡುವ ಹಸುವಿನ ಬೆಲೆಗೆ ಇದು ಏನೇನೂ ಸಾಲದು.

ಹಾಲಿನ ಬಗ್ಗೆ ಬಂದ ಉತ್ತರ ಸರಿಯಾಗಿತ್ತು. ಈ ರೋಗ ಮನುಷ್ಯರಿಗೆ ಬರುವುದಿಲ್ಲ, ಕಾಯಿಸಿದ ಹಾಲು ಕುಡಿಯಬಹುದು. ಆದರೆ ಜನರ ಗಮನ ಹಾಲಿನ ಮೇಲಿದ್ದ ಆ ಹೊತ್ತಿನಲ್ಲೇ ಇನ್ನೆರಡು ವಿಷಯ ಗಟ್ಟಿಯಾಗಿ ಹೇಳಬೇಕಿತ್ತು. ಒಂದು, ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೂ ಹಾಕಬಾರದು, ಮನೆಯಲ್ಲೂ ಬಳಸಬಾರದು. ಔಷಧದ ಅಂಶ ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ.

ಇನ್ನೊಂದು ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್. ನಿಜವಾಗಿ ಹಸಿ ಹಾಲಿನಿಂದ ಮನುಷ್ಯರಿಗೆ ಬರುವುದು ಇದು. ಗಬ್ಬದ ಹಸು ದಿನ ತುಂಬುವ ಮೊದಲೇ ಕಂದು ಹಾಕುತ್ತದೆ. ಆ ಕಂದನ್ನೋ ಮಾಸನ್ನೋ ಬರಿಗೈಯಲ್ಲಿ ಎತ್ತಿದವರಿಗೂ ರೋಗ ಅಂಟಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತದೆ. ಸುಮ್ನೆ ಮೈಕೈ ನೋವು ಅಂತ ಮಾತ್ರೆ ನುಂಗುತ್ತಾ ಇದ್ದುಬಿಟ್ಟರೆ ಕಾಯಿಲೆ ಒಳಗೇ ಬೆಳೆಯುತ್ತದೆ. ಕೊಟ್ಟಿಗೆ ಕೆಲಸ ಮಾಡುವವರು ಡಾಕ್ಟರಿಗೆ ಅದನ್ನೂ ಹೇಳಬೇಕು.

ಕಾಲುಬಾಯಿ ಜ್ವರದ ಜೊತೆ ಕಂದು ರೋಗಕ್ಕೂ ಕೇಂದ್ರ ಸರ್ಕಾರ 2019ರಲ್ಲೇ ಉಚಿತ ಲಸಿಕೆ ಕಾರ್ಯಕ್ರಮ ಶುರು ಮಾಡಿದೆ. ಕಂದು ರೋಗದ ಲಸಿಕೆಯನ್ನು ಹೆಣ್ಣುಗರುಗಳಿಗೆ ಮಾತ್ರ, 4ರಿಂದ 8 ತಿಂಗಳ ವಯಸ್ಸಿನಲ್ಲಿ, ಒಂದೇ ಸಲ ಹಾಕುತ್ತಾರೆ. ಕೊಡಗಿನ ಮನೆಗಳು ತೋಟದ ನಡುವೆ ಒಂದೊಂದು ಕಡೆ. ಲಸಿಕೆಯವರು ಒಂದು ಸುತ್ತಿನಲ್ಲಿ ಬಾರದೇ ಹೋದರೆ ಕರುವಿನ ವಯಸ್ಸು ದಾಟಿಬಿಡುತ್ತದೆ. ಹಾಗಾಗಿ ಕರು ಹುಟ್ಟಿದ ತಾರೀಖು ಬರೆದಿಟ್ಟು, ನಾಲ್ಕು ತಿಂಗಳಾಗುತ್ತಿದ್ದ ಹಾಗೆ ಹತ್ತಿರದ ಪಶು ಆಸ್ಪತ್ರೆಗೆ ನಾವೇ ತಿಳಿಸಬೇಕು.